ನಾಲ್ಕನೆಯ ಈಡು

ಕೋವಿ ಗಡಿ ದಾಟುವ ಹಿಂದಿನ ದಿನ ನಾವು ಅದನ್ನು ತಗುಲಿಹಾಕುವ ಗೂಟದ ಗೋಡೆಯ ಪಕ್ಕದಲ್ಲಿರುವ ಮಡಕೆ ಕುಡಿಕೆಗಳನ್ನೆಲ್ಲ ತೆಗೆದು ಎದುರು ಗೋಡೆಗೆ ಜೋಡಿಸುತ್ತೇವೆ. ಆ ಗೋಡೆಗೆ ಆನಿಸಿದ ಒನಕೆ, ಮೊರ, ಗೂಡಿನಲ್ಲಿರುವ ಬುಡ್ಡಿದೀಪ, ಒಂದನ್ನೂ ಬಿಡುವುದಿಲ್ಲ. ಹಾಲು ಕೊಡುವ ಎಮ್ಮೆಯನ್ನು ಕೊಟ್ಟಿಗೆಯ ಆಚೆ ತುದಿಗೆ ಕಟ್ಟುತ್ತೇವೆ. ಮನೆಯಲ್ಲಿ ಬಾಣಂತಿ ಇದ್ದರೆ ತೊಟ್ಟಿಲ ಸಮೇತ ನೆಂಟರ ಮನೆಗೆ ಕಳಿಸುತ್ತೇವೆ. ಬೇರೆ ಊರಿನವರು ಇದನ್ನು ನೋಡಿ ಸುಣ್ಣ ಬಳಿಯಲು ತಯಾರಿ ನಡೆದಿದೆ ಎಂದುಕೊಳ್ಳುತ್ತಾರೆ. ನಾವೂ ಹೌದು ಎಂದುಬಿಡುತ್ತೇವೆ.

ನಮ್ಮೂರ ಕೋವಿಗಳು ಘಟ್ಟದ ಮೇಲಿನ ಗಡಿಕಲ್ಲು ದಾಟಿದರೆ ಅಲ್ಲಿ ಸದ್ದು ಮಾಡುವುದಿಲ್ಲ. ಗುಂಡು ಹೋಗುತ್ತದೆ, ಹೊಗೆ ಬರುತ್ತದೆ, ಹಂದಿ ಬೀಳುತ್ತದೆ. ಸದ್ದು ಮಾತ್ರ ಇಲ್ಲಿ, ಆ ಕೋವಿ ಯಾವ ಗೂಟದಿಂದ ಇಳಿದು ಹೋಯಿತೋ ಆ ಗೂಟದ ಬಳಿ, ಅದೇ ಕ್ಷಣಕ್ಕೆ ಕೇಳುತ್ತದೆ. ಹಂಚಿನ ಸಂದಿಯಿಂದ ಮಣ್ಣು ಉದುರುತ್ತದೆ. ಗೋಡೆಯ ಹಲ್ಲಿಗಳು ಬೀಳುತ್ತವೆ. ನಾನು ಮದುವೆಯಾಗಿ ಬಂದ ವರ್ಷ ಮೊದಲ ಈಡಿನ ಸದ್ದಿಗೆ ಮಜ್ಜಿಗೆಯ ಗಡಿಗೆಯನ್ನು ಕೈಬಿಟ್ಟಿದ್ದೆ. ನಮ್ಮತ್ತೆ ಬೈಯಲಿಲ್ಲ. "ಗಡಿಗೆ ಹೋದ್ರೆ ಹೋಗ್ಲಿ ಕಣವ್ವ, ಸದ್ದು ಬಂತಲ್ಲ, ಹಂಗಾದ್ರೆ ಅಲ್ಲಿ ಅವ್ನೆ," ಎಂದಿದ್ದಳು. ಮಗ ಬದುಕಿದ್ದಾನೆ ಎನ್ನುವುದು ಅವಳ ಲೆಕ್ಕ. ಸದ್ದಿನ ಕಾಟ ಬೇಡವೆಂದು ಕೆಲವರು ಕೋವಿಯನ್ನು ಹಿಂದಿನ ದಿನವೇ ಹಿತ್ತಲ ಬೇವಿನ ಮರಕ್ಕೆ ತಗುಲಿಹಾಕಿ ಅಲ್ಲಿಂದ ಇಳಿಸಿಕೊಂಡು ಹೋಗುವುದುಂಟು. ಆಗ ಸದ್ದು ಮರದಲ್ಲಿ ಬರುತ್ತದೆ, ಹಕ್ಕಿಗಳು ಏಳುತ್ತವೆ, ಬೀದಿಯವರೆಲ್ಲ ಕತ್ತೆತ್ತಿ ನೋಡುತ್ತಾರೆ. ನಮ್ಮತ್ತೆ ಅದಕ್ಕೆ ಒಪ್ಪುತ್ತಿರಲಿಲ್ಲ. ಮನೆಯ ಕೋವಿ ಮನೆಯಲ್ಲೇ ಕೂಗಬೇಕು ಎನ್ನುವಳು. ಈಗ ಅವಳಿಗೆ ಕಿವಿ ಪೂರಾ ಹೋಗಿದೆ. ಆದರೂ ಗಂಡಸರು ಘಟ್ಟ ಹತ್ತಿದ ದಿನದಿಂದ ಆ ಗೋಡೆಯ ಬುಡದಲ್ಲಿ ಚಾಪೆ ಹಾಕಿಕೊಂಡು, ಅಂಗೈ ಗೋಡೆಗೆ ಊರಿ ಕೂತುಬಿಡುತ್ತಾಳೆ. ಅವಳಿಗೆ ಸದ್ದು ಕೈಯಿಂದ ತಿಳಿಯುತ್ತದೆ.

ಆಚೆ ದೇಶದಲ್ಲಿ ಬೆಟ್ಟದ ಇಳಿಜಾರಿನ ತುಂಬ ಮುಸುಕಿನ ಜೋಳ. ಅದಕ್ಕೆ ಕಾಡುಹಂದಿಗಳ ಹಿಂಡು ಬೀಳುತ್ತದೆ. ಅವರ ಬಳಿಯೂ ಕೋವಿಗಳಿವೆ, ಆದರೆ ಒಂದು ಈಡು ಹೊಡೆದರೆ ಸಾಕು, ಹಿಂಡೆಲ್ಲ ಚೆದುರಿ ಇನ್ನೊಬ್ಬನ ಹೊಲಕ್ಕೆ ನುಗ್ಗುತ್ತದೆ. ನಮ್ಮವರ ಕೋವಿ ಮೂಗಿಯಂತೆ ಹೊಡೆಯುವುದರಿಂದ ಪಕ್ಕದ ಹಂದಿ ಬಿದ್ದರೂ ಉಳಿದವು ಮೇಯುತ್ತಲೇ ಇರುತ್ತವೆ. ಹಾಗಾಗಿ ನಮ್ಮ ರಾಗಿ ಕುಯ್ಲು ಮುಗಿಯುತ್ತಿದ್ದಂತೆ ಅಲ್ಲಿಂದ ಕರೆ ಬರುತ್ತದೆ. ಇಲ್ಲಿಯ ಬೆಟ್ಟದಲ್ಲಿ ಮೊಲ ಬಿಟ್ಟರೆ ಬೇಟೆಯಾಡಲು ಏನೂ ಉಳಿದಿಲ್ಲ. ಗೂಟದ ಮೇಲಿನ ಕೋವಿ ವರ್ಷಕ್ಕೊಮ್ಮೆ ಇಳಿಯುವುದು ಪರದೇಶಕ್ಕೆ ಹೋಗಲಿಕ್ಕೆ ಮಾತ್ರ.

ಹೋಗಲು ಕಟ್ಟಳೆಯಿದೆ. ಕೋವಿಯೂ ತೋಟೆಯೂ ಒಬ್ಬನ ಕೈಯಲ್ಲಿ ಗಡಿ ದಾಟುವಂತಿಲ್ಲ. ಕೋವಿ ಒಬ್ಬ ಹೊರಬೇಕು, ಅದಕ್ಕೆ ತುಂಬುವ ತೋಟೆಗಳ ಪೆಟ್ಟಿಗೆ ಇನ್ನೊಬ್ಬ ಹೊರಬೇಕು. ಆ ಇಬ್ಬರೂ ಮಾತು ಬಿಟ್ಟ ಮನೆಗಳವರಾಗಿರಬೇಕು. ಸ್ನೇಹಿತರಾದರೆ ಒಬ್ಬ ಕೈ ಚಾಚುವ ಮೊದಲೇ ಇನ್ನೊಬ್ಬ ಕೊಟ್ಟುಬಿಡುತ್ತಾನೆ. ಮಾತು ಬಿಟ್ಟವನ ಬಳಿ ಕೇಳಬೇಕಾದರೆ, ಆ ಈಡು ನಿಜವಾಗಿ ಬೇಕೇ ಎಂದು ಎರಡು ಸಲ ಯೋಚಿಸುತ್ತಾನೆ. ಹಿರಿಯರು ಹೀಗೆ ಅಂದಾಜು ಮಾಡಿರಬೇಕು. ಘಟ್ಟದ ಬುಡದ ಸುಂಕದ ಕಟ್ಟೆಯಲ್ಲಿ ಗುರುಪಾದಯ್ಯನವರು ಕೂತಿರುತ್ತಾರೆ. ಕೋವಿಯನ್ನು ಬಟ್ಟೆಯಲ್ಲಿ ಸುತ್ತಿಸಿ, ಗಂಟಿನ ಮೇಲೆ ಅರಗು ಕರಗಿಸಿ ಮುದ್ರೆ ಒತ್ತುತ್ತಾರೆ. ಪೆಟ್ಟಿಗೆಯಲ್ಲಿ ಹತ್ತು ತೋಟೆಗಳನ್ನು ಎಣಿಸಿ ಅದಕ್ಕೂ ಮುದ್ರೆ ಹಾಕುತ್ತಾರೆ. ರಹದಾರಿ ಬರೆಯುವ ಮೊದಲು ಅವರು ಕೇಳುವುದು ಒಂದೇ ಪ್ರಶ್ನೆ. "ಈ ಮನೆಗೂ ಆ ಮನೆಗೂ ಮಾತುಂಟಾ?" "ಇಲ್ಲ" ಎಂದು ಇಬ್ಬರೂ ಹೇಳಬೇಕು. ರಹದಾರಿಯ ಆಸೆಗೆ ಜಗಳವಿಲ್ಲದವರು ಬಂದು ಸುಳ್ಳು ಹೇಳಿದ್ದೂ ಉಂಟು. ಗುರುಪಾದಯ್ಯನವರು ಒಬ್ಬನಿಗೆ ಎಲೆಅಡಿಕೆ ಕೊಟ್ಟು ಸುಮ್ಮನಾಗುತ್ತಿದ್ದರು. ಅವನು ಅಭ್ಯಾಸಬಲದಿಂದ ಮುರಿದು ಅರ್ಧವನ್ನು ಪಕ್ಕದವನಿಗೆ ಕೊಟ್ಟರೆ, "ಎದ್ದು ಹೋಗ್ರಯ್ಯ, ಜಗಳಾನಾದ್ರೂ ನೆಟ್ಟಗೆ ಆಡ್ಕೊಂಡು ಬನ್ನಿ," ಎಂದು ಅಟ್ಟುತ್ತಿದ್ದರು.

ನಮ್ಮ ಮನೆಗೂ ಎದುರು ಮನೆಗೂ ಹಾಗೆ ಪರೀಕ್ಷೆ ಮಾಡಬೇಕಾಗಿರಲಿಲ್ಲ. ಒಂದೇ ಕಣದಲ್ಲಿ ಎರಡು ಮನೆಯವರೂ ಒಕ್ಕಣೆ ಮಾಡುತ್ತಿದ್ದೆವು. ಒಂಬತ್ತು ವರ್ಷದ ಹಿಂದೆ ಎರಡು ಮನೆಯ ರಾಗಿ ಮೆದೆಗಳೂ ಒಂದೇ ಮಧ್ಯಾಹ್ನ ಸುಟ್ಟುಹೋದವು. ಕಿಡಿ ನಮ್ಮ ಒಲೆಯದು ಎಂದು ಅವರು, ಅವರ ಬೀಡಿಯದು ಎಂದು ನಾವು. ಅಂದಿನಿಂದ ಮಾತಿಲ್ಲ. ನನ್ನ ಗಂಡ ಮರೀಗೌಡರು ಕೋವಿ ಹೊರುವುದು, ಎದುರು ಮನೆಯ ಸಣ್ಣೀರ ತೋಟೆ ಹೊರುವುದು, ಅಂದಿನಿಂದ ವರ್ಷವರ್ಷವೂ ನಡೆದು ಬಂದಿತ್ತು. ಹನ್ನೆರಡು ದಿನ ಒಂದೇ ಗುಡಿಸಿಲಲ್ಲಿ ಮಲಗಿ, ಒಂದೇ ಒಲೆಯಲ್ಲಿ ಬೇಯಿಸಿಕೊಂಡು, "ಕೊಡಪ್ಪ" ಎನ್ನುವ ಒಂದು ಮಾತು ಬಿಟ್ಟು ಬೇರೆ ಆಡದೆ ತಿರುಗಿ ಬರುತ್ತಿದ್ದರು.

ಹೆಂಗಸರಿಗೂ ಒಂದು ಮಾತು ಇತ್ತು. ಸದ್ದು ಬರುವುದು ಕೋವಿಯ ಮನೆಗೆ ಮಾತ್ರ, ಮನೆಯೊಳಗೆ ಬಂದ ಸದ್ದು ಹೊಸ್ತಿಲು ದಾಟುವುದಿಲ್ಲ. ತೋಟೆಯ ಮನೆಗೆ ಏನೂ ತಿಳಿಯುವುದಿಲ್ಲ. ಅವನ ಕೈಯಿಂದ ತೋಟೆ ಬಂದರೆ ತಾನೆ ಇವನು ಹೊಡೆಯುವುದು? ಆದ್ದರಿಂದ ಒಂದು ಈಡೆಂದರೆ ಇಬ್ಬರೂ ಚೆನ್ನಾಗಿದ್ದಾರೆ ಎಂಬ ಸುದ್ದಿ. ಈಡು ಕೇಳಿದ ಕೂಡಲೇ ಕೋವಿಯ ಮನೆಯ ಹೆಂಗಸು, ಕೈಯಲ್ಲಿ ಏನಿದ್ದರೂ ಬಿಟ್ಟು, ತೋಟೆಯ ಮನೆಯ ಬಾಗಿಲಿಗೆ ಹೋಗಿ "ಒಂದಾಯ್ತು", "ಎರಡಾಯ್ತು" ಎಂದು ಹೇಳಿ ಬರಬೇಕು. ಆ ಮನೆಯ ಹೆಂಗಸು ಬಾಗಿಲ ಚೌಕಟ್ಟಿನ ತೋಳಿಗೆ ಸುಣ್ಣದಲ್ಲಿ ಒಂದು ಗೀಟು ಎಳೆಯಬೇಕು. ಒಂಬತ್ತು ಈಡು ಬೇಟೆಗೆ. ಹತ್ತನೆಯ ತೋಟೆಯನ್ನು ಪ್ರಾಣಿಗೆ ಹೊಡೆಯುವಂತಿಲ್ಲ. ಅದನ್ನು ಹಾಗೇ ತಂದು ಗುರುಪಾದಯ್ಯನವರ ಮುಂದೆ ಇಡಬೇಕು. ಇಬ್ಬರಲ್ಲಿ ಒಬ್ಬ ಅಲ್ಲೇ ತೀರಿಕೊಂಡರೆ, ಉಳಿದವನು ಆ ಹತ್ತನೆಯದನ್ನು ಆಕಾಶಕ್ಕೆ ಹೊಡೆದು ಊರಿಗೆ ತಿಳಿಸಬೇಕು. ಹೋದವನು ಯಾರೆಂದು ಸದ್ದು ಹೇಳುವುದಿಲ್ಲ. ನಾನು ಬಂದ ಮೇಲೆ ನಮ್ಮೂರಲ್ಲಿ ಹತ್ತನೆಯದು ಕೇಳಿದ್ದು ಎರಡೇ ಸಲ, ಎರಡೂ ಬೇರೆ ಬೀದಿಯಲ್ಲಿ.

ಆ ವರ್ಷ ಅವರು ಹೊರಟಾಗ ನಾನು ಬುತ್ತಿ ಕಟ್ಟಿಕೊಟ್ಟೆ. ನನ್ನ ಗಂಡ ಗೂಟದಿಂದ ಕೋವಿ ಇಳಿಸಿ, ಅವ್ವನ ಕಾಲು ಮುಟ್ಟಿ, ನನ್ನ ಕಡೆ ನೋಡಿ, "ಎಮ್ಮೆ ಈಯೋ ಹೊತ್ಗೆ ಬಂದ್ಬುಡ್ತೀನಿ," ಎಂದರು. ಅವರು ಎತ್ತರದ ಆಳು. ಕೋವಿ ಹೆಗಲಿಗೆ ಹಾಕಿಕೊಂಡರೆ ನಳಿಗೆಯ ತುದಿ ಅವರ ಕಿವಿಯ ಮಟ್ಟಕ್ಕೆ ನಿಲ್ಲುತ್ತಿತ್ತು. ಬೀದಿಯ ಆ ಬದಿಯಲ್ಲಿ ಸಣ್ಣೀರ ಪೆಟ್ಟಿಗೆ ಹೊತ್ತು ನಿಂತಿದ್ದ. ಇಬ್ಬರೂ ಬೀದಿಯ ಎರಡು ಅಂಚು ಹಿಡಿದು ಒಂದೇ ದಾರಿಯಲ್ಲಿ ಹೋದರು.

ಮೂರನೆಯ ದಿನ ಮೊದಲ ಈಡು. ನಾನು ಹೋಗಿ ಹೇಳಿದೆ. ಸಣ್ಣೀರನ ಹೆಂಡತಿ ತಾಯಮ್ಮ ಗೀಟು ಎಳೆದಳು. ಎರಡನೆಯದೂ ಅದೇ ದಿನ. ಮೂರನೆಯದು ಮಾರನೆಯ ಬೆಳಿಗ್ಗೆ. "ಮೂರಾಯ್ತು," ಎಂದೆ. ಅವಳ ಮನೆಯ ಜಗಲಿಯಲ್ಲಿ ಆ ದಿನ ಅವಳ ತವರಿನ ಇಬ್ಬರು ಹೆಂಗಸರು ಕೂತಿದ್ದರು. ತಾಯಮ್ಮ ಸುಣ್ಣದ ಬೆರಳು ಒರೆಸಿಕೊಳ್ಳುತ್ತ, ನನಗಲ್ಲ, ಅವರಿಗೆ ಹೇಳುವವಳ ಹಾಗೆ, "ಹೊಡೆಯೋನು ಗಂಡಸೇ ಇರ್ಬೋದು ಕಣ್ರೇ, ಕೇಳೋನು ತಿರುಪೆಯೋನೇ ತಾನೆ. ಕೊಡೋರ ಕೈ ಯಾವತ್ತೂ ಮೇಲೆ," ಎಂದಳು. ಅವರು ನಕ್ಕರು.

ಎಣಿಕೆ ಬಿಟ್ಟು ಬೇರೆ ಮಾತು ನಾನು ಆಡುವ ಹಾಗಿರಲಿಲ್ಲ. ಮನೆಗೆ ಬಂದು ಹಿಟ್ಟು ತೊಳಸಿದೆ, ಅದು ಗಂಟುಗಂಟಾಯಿತು. ಸಂಜೆ ಎಮ್ಮೆಗೆ ಹುಲ್ಲು ಹಾಕುತ್ತಿದ್ದಾಗ ನಾಲ್ಕನೆಯ ಈಡು ಬಂತು. ಅತ್ತೆ ಗೋಡೆಯ ಬುಡದಿಂದ ನಾಲ್ಕು ಬೆರಳು ತೋರಿಸಿ, "ಹೋಗವ್ವ, ಹೇಳ್ಬುಟ್ಟು ಬಾ," ಎಂದಳು. ನಾನು ಸೆರಗು ಸರಿಮಾಡಿಕೊಂಡು ಹೊರಗೆ ಹೋದೆ. ಅವಳಿಗೆ ಕಾಣದ ಹಾಗೆ ಹಿತ್ತಲ ಕಡೆ ತಿರುಗಿ, ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತು ಒಳಗೆ ಬಂದೆ. "ಹೇಳಿದ್ಯಾ?" ಎಂದಳು. ತಲೆ ಆಡಿಸಿದೆ.

ಒಂದು ದಿನ ಕಾಯಲಿ ಎನ್ನುವುದಷ್ಟೇ ನನ್ನ ಮನಸ್ಸಿನಲ್ಲಿತ್ತು. ಒಂದು ದಿನ ಸುದ್ದಿಯಿಲ್ಲದೆ ಬಾಗಿಲಲ್ಲಿ ನಿಲ್ಲಲಿ, ಕೊಡುವವರ ಕೈ ಎಲ್ಲಿರುತ್ತದೆ ಎಂದು ಗೊತ್ತಾಗಲಿ. ಮಾರನೆಯ ದಿನ ನಿಜವಾಗಿಯೂ ಅವಳು ಬಾಗಿಲಲ್ಲಿ ನಿಂತಿದ್ದಳು, ಬೆಳಿಗ್ಗೆಯಿಂದ ಮೂರು ಸಲ ನೋಡಿದೆ. ಐದನೆಯದು ಅದರ ಮಾರನೆಯ ದಿನ ಬಂತು. ಈಗ ಹೋಗಿ "ಐದಾಯ್ತು" ಎಂದರೆ ನಾಲ್ಕು ಎಲ್ಲಿ ಎಂದು ಅವಳು ಕೇಳುತ್ತಾಳೆ. ಬಾಗಿಲಲ್ಲಿ ನಿಂತು "ನಾಲ್ಕಾಯ್ತು," ಎಂದೆ. ಅವಳು ಉಸಿರು ಬಿಟ್ಟು ಗೀಟು ಎಳೆದಳು. ಆರಕ್ಕೆ ಐದೆಂದೆ. ಏಳಕ್ಕೆ ಆರೆಂದೆ. ಒಂದು ಸುಳ್ಳನ್ನು ಒಂದೇ ಸಲ ಹೇಳಿ ಮುಗಿಸಬಹುದು ಎಂದುಕೊಂಡಿದ್ದೆ. ಅದು ಹಾಗೆ ಮುಗಿಯುವ ಜಾತಿಯದಲ್ಲ, ದಿನಾ ಅದಕ್ಕೆ ಹುಲ್ಲು ನೀರು ಹಾಕಬೇಕು. ಗಂಡಸರು ಬಂದ ಮೇಲೆ ಸಣ್ಣೀರ ಒಂಬತ್ತು ಎನ್ನುತ್ತಾನೆ, ಅವಳ ಬಾಗಿಲಲ್ಲಿ ಎಂಟು ಗೀಟು ಇರುತ್ತದೆ, ಆಗ ನಾಲ್ಕು ಮಾತು ಬೈಸಿಕೊಂಡರಾಯಿತು ಎಂದು ಸಮಾಧಾನ ಮಾಡಿಕೊಂಡೆ. ಒಂಬತ್ತನೆಯ ಈಡು ಹನ್ನೊಂದನೆಯ ದಿನ ಬೆಳಿಗ್ಗೆ ಬಂತು. ನಾನು ಹೋಗಿ "ಎಂಟಾಯ್ತು" ಎಂದೆ. ತಿರುಗಿ ಬಂದು ಹುರುಳಿ ಕೇರುತ್ತ ಕೂತೆ. ಮಡಕೆಗಳನ್ನು ನಾಳೆ ತಿರುಗಿ ಗೂಟದ ಗೋಡೆಗೆ ಜೋಡಿಸಬಹುದು ಎಂದು ಲೆಕ್ಕ ಹಾಕುತ್ತಿದ್ದೆ.

ಬಿಸಿಲು ನಡುಮನೆಯ ಹೊಸ್ತಿಲಿಗೆ ಬಂದಿತ್ತು. ಆಗ ಹತ್ತನೆಯದು ಬಂತು.

ಮೊರ ನನ್ನ ತೊಡೆಯ ಮೇಲೇ ಇತ್ತು. ಹುರುಳಿಯ ಒಂದು ಕಾಳೂ ಚೆಲ್ಲಲಿಲ್ಲ, ಅದು ನನಗೆ ಚೆನ್ನಾಗಿ ನೆನಪಿದೆ. ಅತ್ತೆ ಗೋಡೆಯಿಂದ ಕೈ ತೆಗೆದಳು. ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. ಆಮೇಲೆ ಎರಡು ಕೈಯ ಬೆರಳುಗಳನ್ನೂ ಬಿಡಿಸಿ ನನ್ನ ಕಡೆ ಹಿಡಿದಳು. ನಾನು ಒಂಬತ್ತು ಬೆರಳು ತೋರಿಸಿದೆ. ಅವಳು ತಲೆ ಅಲ್ಲಾಡಿಸಿ ತಿರುಗಿ ಹತ್ತನ್ನೂ ಹಿಡಿದಳು.

"ಹೋಗು, ಹೇಳ್ಬುಟ್ಟು ಬಾ," ಎಂದಳು. "ಅದೂ ಒಂದು ಹೆಣ್ಣು."

ನಾನು ಬೀದಿ ದಾಟಿದೆ. ತಾಯಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಎದ್ದು, ಸುಣ್ಣದ ಕರಟ ಕೈಗೆ ತಗೊಂಡು ಕಾದಳು. ನಾನು ಬಾಯಿ ತೆರೆದೆ. "ಒಂಬತ್ತಾಯ್ತು," ಎಂದೆ.

ಅವಳ ಮುಖ ಹಾಗೆ ಅರಳಿದ್ದನ್ನು ನಾನು ಒಂಬತ್ತು ವರ್ಷದಿಂದ ನೋಡಿರಲಿಲ್ಲ. ಗೀಟು ಎಳೆದು, ಬೆರಳಿಂದ ಕೆಳಗಿನಿಂದ ಮೇಲಕ್ಕೆ ಎಣಿಸಿ, "ಸದ್ಯ! ಮುಗೀತು. ಇನ್ನು ನಾಕು ದಿನ, ಬಂದ್ಬುಡ್ತಾರೆ," ಎಂದಳು. ಅದು ಕಟ್ಟಳೆಯ ಮಾತಲ್ಲ. ನನಗೇ ಹೇಳಿದ್ದು. ಹೇಳಿದ ಮೇಲೆ ನೆನಪಾಗಿ ಮುಖ ತಿರುಗಿಸಿಕೊಂಡಳು.

ಸುಳ್ಳು ಹೇಳಬೇಕೆಂದು ಹೋಗಿದ್ದೆನೇ? ಇಲ್ಲವೆಂದೇ ಇವತ್ತಿಗೂ ನನಗನ್ನಿಸುತ್ತದೆ. ಹತ್ತು ಎಂದರೆ ನಾಲ್ಕನೆಯದನ್ನು ಬಚ್ಚಿಟ್ಟದ್ದು ಬಯಲಾಗುತ್ತದೆ ಎನ್ನುವ ಹೆದರಿಕೆ ಇತ್ತು, ಆದರೆ ಅದೊಂದೇ ಅಲ್ಲ. ಆ ಮಾತನ್ನು ನನ್ನ ಬಾಯಿಂದ ಆಡಿದರೆ ಅದು ನಿಜವಾಗಿಬಿಡುತ್ತದೆ ಎನ್ನಿಸಿತ್ತು. ಅವಳ ಬಾಗಿಲಲ್ಲಿ ಒಂಬತ್ತೇ ಗೀಟು ಇರುವ ತನಕ ಎಲ್ಲೋ ಒಂದು ಕಡೆ ಒಂಬತ್ತೇ ಆಗಿರುತ್ತದೆ. ಅಲ್ಲಿ ಇಬ್ಬರೂ ಬುತ್ತಿ ಕಟ್ಟಿಕೊಂಡು ಹೊರಟಿರುತ್ತಾರೆ.

ಆ ದಿನ ಅವಳ ಮನೆಯಲ್ಲಿ ಸಡಗರ. ಅಂಗಳ ಗುಡಿಸಿ ಸಗಣಿ ಸಾರಿಸಿದಳು. ಗಂಡನ ಕಂಬಳಿ ಒಗೆದು ಬೇಲಿಯ ಮೇಲೆ ಹರಡಿದಳು. ಮಾರನೆಯ ಬೆಳಿಗ್ಗೆ ಅಕ್ಕಿ ಉದ್ದು ತೊಳೆಯುವ ಸದ್ದು ಕೇಳಿತು. ಬಂದವನಿಗೆ ದೋಸೆ ಹುಯ್ಯಬೇಕೆಂದು ಮೊದಲೇ ಒಂದು ಸಲ ಹುಯ್ದು ನೋಡುವವಳು ಅವಳು, ಹಿಟ್ಟು ಹುಳಿಯುವ ಹದ ಅವಳಿಗೆ ಯಾವತ್ತೂ ತಿಳಿಯದು. ನಾನು ಕಿಟಕಿಯ ಹತ್ತಿರ ನಿಂತು ಅದನ್ನೆಲ್ಲ ನೋಡುತ್ತಿದ್ದೆ. ನನ್ನ ಮನೆಯಲ್ಲಿ ಒಲೆ ಹತ್ತಿರಲಿಲ್ಲ. ಅತ್ತೆ ಗೋಡೆ ಬಿಟ್ಟು ಎದ್ದಿರಲಿಲ್ಲ, ಆದರೆ ತೆರೆದ ಬಾಗಿಲಿಂದ ಎದುರು ಮನೆ ಅವಳಿಗೂ ಕಾಣುತ್ತಿತ್ತು. ಅವಳು ಒಂದೇ ಸಲ ಮಾತಾಡಿದಳು. "ಎದುರು ಮನೇಲಿ ಕಂಬಳಿ ಒಣಗಾಕವ್ರಲ್ಲ, ನೀನು ಏನಂತ ಹೇಳ್ಬಂದೆ?" ಕಿವುಡರಿಗೆ ಉತ್ತರ ಕೊಡದಿರುವುದು ಸುಲಭ ಎಂದುಕೊಂಡಿದ್ದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಬಳೆ ಒಡೆಯೋದು ನಿಂದೋ ಅವಳದೋ ನಂಗೊತ್ತಿಲ್ಲ. ನನ್ ಮಗನೇ ಉಳೀಲಿ ಅಂತ್ಲೇ ನಾನೂ ಕೂತಿವ್ನಿ. ಆದ್ರೆ ಅವಳು ದೋಸೆಗೆ ನೆನೆಹಾಕ್ದಾಗ ನೀನು ನೋಡ್ಕೊಂಡು ನಿಂತ್ರೆ, ಯಾರುಳಿದ್ರೂ ನಂಗೆ ನಿನ್ ಕೈಯಿಂದ ನೀರು ಬೇಡ."

ಮಧ್ಯಾಹ್ನ ನಾನು ಬೀದಿ ದಾಟಿದೆ. ತಾಯಮ್ಮ ಹಿತ್ತಲಲ್ಲಿ ಒರಳು ತೊಳೆಯುತ್ತಿದ್ದಳು. ಬಾಗಿಲಲ್ಲಿ ನಿಂತು ಹೇಳಬೇಕಾದ್ದನ್ನು ಬಿಟ್ಟು ಒಳಗೇ ನಡೆದೆ. ಒಂಬತ್ತು ವರ್ಷದ ಮೇಲೆ ಆ ಮನೆಯ ನಡುಮನೆ ತುಳಿದದ್ದು.

"ಏನು?" ಎಂದಳು ಗಾಬರಿಯಾಗಿ. "ಮುಗೀತಲ್ಲ, ಒಂಬತ್ತು."

"ಹತ್ತಾಯ್ತು," ಎಂದೆ.

"ಈಗಲಾ?"

"ನಿನ್ನೇನೆ. ನಿನ್ನೆ ನಾನು ಒಂಬತ್ತು ಅಂದಿದ್ದು ಒಂಬತ್ತಲ್ಲ, ಹತ್ತು. ನಡುವೆ ಒಂದನ್ನ ನಿಂಗೆ ಹೇಳಿರ್ಲಿಲ್ಲ."

ಅವಳು ನೀರಿನ ಚೆಂಬು ಕೆಳಗಿಟ್ಟಳು. ನನ್ನ ಮಾತನ್ನು ನಂಬಲಿಲ್ಲ. "ಇದೊಂದು ಬಾಕಿ ಇತ್ತು ನೋಡು ನಿಂಗೆ. ನಾನು ಮನೆ ಸಾರ್ಸಿದ್ದು, ಕಂಬಳಿ ಒಗೆದಿದ್ದು ಕಣ್ಣಿಗೆ ಚುಚ್ತಾ? ಹೊಟ್ಟೆಕಿಚ್ಚಿಗೆ ಗಂಡನ ಸಾವೇ ಆಡ್ತೀಯಲ್ಲೇ, ನಿನ್ ನಾಲ್ಗೆ ಬಿದ್ದೋಗ!"

"ಯಾರ ಗಂಡ ಅಂತ ನಂಗೇನು ಗೊತ್ತು ತಾಯಮ್ಮ?"

ಆ ಮಾತು ಅವಳಿಗೆ ತಾಕಿತು. ನಾನು ಬಳೆ ಹಾಕಿದ ನನ್ನ ಕೈ ನೋಡಿಕೊಂಡಿದ್ದನ್ನು ಅವಳು ನೋಡಿದಳು. ಆಮೇಲೆ ಅವಳು ಬೇರೆಯದೇ ದನಿಯಲ್ಲಿ, "ಯಾವುದನ್ನ ನುಂಗಿದ್ದು?" ಎಂದು ಕೇಳಿದಳು.

"ನಾಕನೇದು. ನೀನು ತಿರುಪೆಯೋನು ಅಂದ್ಯಲ್ಲ, ಅವತ್ತು ಸಂಜೆ."

"ಅವತ್ತು ಬಂದಿತ್ತಾ? ಮಾರನೇ ದಿನ ನಾನು ನಿಂತು ನಿಂತು..." ಎಂದವಳು ಒಳಗೆ ಹೋಗಿ ಸುಣ್ಣದ ಕರಟ ತಂದಳು. ಬಾಗಿಲ ತೋಳಿನಲ್ಲಿ ಮೂರನೆಯ ಗೀಟಿಗೂ ಅದರ ಮುಂದಿನದಕ್ಕೂ ನಡುವೆ ಜಾಗವಿರಲಿಲ್ಲ. ಬೆರಳು ಅಲ್ಲಿ ಇಟ್ಟು, ತೆಗೆದು, ಕೊನೆಗೆ ಒಂಬತ್ತರ ಮೇಲೆ ಹತ್ತನೆಯ ಗೀಟು ಎಳೆದಳು. ಅದು ಸೊಟ್ಟಗಾಯಿತು. "ಹಂಗಾದ್ರೆ ನಮ್ಮಿಬ್ರಲ್ಲಿ ಒಬ್ಬಳು," ಎಂದಳು.

"ಹೂಂ."

ನಾನು ಹೊರಡಲು ತಿರುಗಿದೆ. "ಎಲ್ಲಿಗೆ ಹೋಗ್ತೀಯ," ಎಂದಳು ಸಿಟ್ಟಿನಲ್ಲೇ. "ಅಕ್ಕಿ ನೆಂದು ಕೂತದೆ. ನೆಂದಿದ್ದ ಚೆಲ್ಲಕ್ಕಾಯ್ತದಾ? ಒಬ್ಬಳ ಕೈಲಿ ರುಬ್ಬಕ್ಕಾಗಲ್ಲ, ಬಾ."

ನಾವು ಎದುರುಬದುರು ಕೂತು ರುಬ್ಬಿದೆವು. ಹುಳಿಯಲು ಬಿಡದೆ ಸಂಜೆಯೇ ಹುಯ್ದಳು. ಸಪ್ಪೆ ದೋಸೆ, ಅಂಚು ಏಳಲಿಲ್ಲ. ಅತ್ತೆಯನ್ನು ಕೈಹಿಡಿದು ಕರೆತಂದು ಕೂರಿಸಿದೆ. ಅವಳು ತಾಯಮ್ಮನ ಕೈಯಿಂದ ಎರಡು ದೋಸೆ ತಿಂದು ನನ್ನ ಕೈಯಿಂದ ನೀರು ಕುಡಿದಳು. ಯಾರೂ ಅಳಲಿಲ್ಲ. ಅಳಲು ನಮಗೆ ಯಾರಿಗೂ ಇನ್ನೂ ಹಕ್ಕು ಬಂದಿರಲಿಲ್ಲ. ಒಬ್ಬಳು ಅತ್ತರೆ ಇನ್ನೊಬ್ಬಳ ಗಂಡ ಬದುಕಲಿ ಎಂದ ಹಾಗಾಗುತ್ತಿತ್ತು.

ಉಳಿದ ಎರಡು ದಿನ ಹೀಗೇ ಕಳೆಯಿತು. ಅವಳು ನಮ್ಮ ಎಮ್ಮೆಗೆ ಹುಲ್ಲು ನೀರು ಹಾಕಿದಳು, ನನ್ನ ಕೈಯಿಂದ ಅದು ಆ ದಿನಗಳಲ್ಲಿ ಮೇವು ಮುಟ್ಟುತ್ತಿರಲಿಲ್ಲ. ಒಂದು ಮಧ್ಯಾಹ್ನ ಹೂಬತ್ತಿ ಹೊಸೆಯುತ್ತ, "ಆ ಕಿಡಿ ಬೀಡೀದೇ ಇರ್ಬೇಕು ಕಣೆ," ಎಂದಳು ಇದ್ದಕ್ಕಿದ್ದ ಹಾಗೆ. "ಇವ್ರು ಅವತ್ತು ಬೀಡಿ ಸೇದ್ತಾ ಮೆದೆ ಹತ್ರ ಮಲಗಿದ್ರು. ನಂಗೊತ್ತಿತ್ತು." ನಮ್ಮ ಒಲೆಯ ಬೂದಿಯನ್ನು ಆ ದಿನ ನಾನು ಕಣದ ಅಂಚಿಗೆ ಸುರಿದಿದ್ದೆ, ಅದು ಪೂರ್ತಿ ಆರಿತ್ತೋ ಇಲ್ಲವೋ ನೋಡಿರಲಿಲ್ಲ. ಅದನ್ನು ಹೇಳಿದೆ. ಅವಳು ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ.

ಹತ್ತನೆಯದು ಕೇಳಿದ ನಾಲ್ಕನೆಯ ದಿನ ಬೆಳಿಗ್ಗೆ ಇಬ್ಬರೂ ಸುಂಕದ ಕಟ್ಟೆಗೆ ಹೋದೆವು. ಸುದ್ದಿ ಊರಿಗೆಲ್ಲ ತಿಳಿದಿತ್ತು. ಗುರುಪಾದಯ್ಯನವರು ನಮ್ಮನ್ನು ನೋಡಿ, ಕೂತಿದ್ದ ಬೆಂಚು ಬಿಟ್ಟು ಎದ್ದರು. "ಕೂತ್ಕೊಳ್ಳಿ ತಾಯಿ," ಎಂದು ಹೇಳಿ, ಅರಗು ಕರಗಿಸುವ ಒಲೆಗೆ ನೀರು ಹಾಕಿದರು. ನಾವು ಕೂರಲಿಲ್ಲ. ಘಟ್ಟದ ದಾರಿ ಅಲ್ಲಿಂದ ಮೂರು ತಿರುವುಗಳವರೆಗೆ ಕಾಣುತ್ತದೆ. ಬಿಸಿಲೇರಿತು. ಕಟ್ಟಿಗೆಯವರು ಇಳಿದರು, ಕುರಿ ಮಂದೆಯೊಂದು ಇಳಿಯಿತು. ಮಂದೆ ಎಬ್ಬಿಸಿದ ಧೂಳು ಅಡಗಿದ ಮೇಲೆ ಮೇಲಿನ ತಿರುವಿನಲ್ಲಿ ಒಬ್ಬ ಕಂಡ.

ಒಬ್ಬನೇ. ಹೆಗಲಿಗೆ ಕೋವಿ, ಬೆನ್ನಿಗೆ ಪೆಟ್ಟಿಗೆ. ಮುಖ ಕಾಣುವಷ್ಟು ಹತ್ತಿರವಿರಲಿಲ್ಲ. ಆದರೆ ಕೋವಿಯ ನಳಿಗೆ ಅವನ ತಲೆಗಿಂತ ಒಂದು ಗೇಣು ಮೇಲಕ್ಕೆ ನಿಂತಿತ್ತು.

ಮುಖ ಕಾಣುವ ತನಕ ನಾನು ಕಾಯಲಿಲ್ಲ. ತಾಯಮ್ಮನೂ ನಳಿಗೆಯನ್ನೇ ನೋಡಿದಳೆಂದು ನನಗೆ ಗೊತ್ತು, ಏಕೆಂದರೆ ಅವಳ ಗಂಟಲಿನಿಂದ ಒಂದು ಸಣ್ಣ ಸದ್ದು ಹೊರಟಿತು, ಅದನ್ನು ಅವಳು ಸೆರಗಿನಿಂದ ಒತ್ತಿಹಿಡಿದಳು. ಗಂಡನ ಕಡೆಗೆ ಓಡಲಿಲ್ಲ. ನನ್ನ ಮಣಿಕಟ್ಟನ್ನು ಬಳೆಗಳ ಮೇಲೆಯೇ ಹಿಡಿದುಕೊಂಡು ನಿಂತಳು, ಅವು ಒಡೆದುಹೋಗದ ಹಾಗೆ ಕಾಯುವವಳ ಥರ.

ಸಣ್ಣೀರ ಹತ್ತಿರ ಬಂದ. ಕಾಲಿಗೆ ಹರಿದ ಪಂಚೆ ಸುತ್ತಿತ್ತು. ಹೆಂಡತಿಯ ಕಡೆ ನೋಡಲಿಲ್ಲ. ನೇರ ನನ್ನ ಮುಂದೆ ಬಂದು ನಿಂತ. ಒಂಬತ್ತು ವರ್ಷದಲ್ಲಿ ಅವನು ನನ್ನೊಡನೆ ಮಾತಾಡಿರಲಿಲ್ಲ.

"ಕೇಳಿಸ್ತಾ ಅಕ್ಕ?" ಎಂದ. "ನಾನು ಹೊಡೆದೋನಲ್ಲ, ಯಾವತ್ತೂ. ಮೇಲಕ್ಕೆ ಹಿಡ್ದು ಒತ್ತಿದೆ. ಅಲ್ಲಿ ಸದ್ದೇ ಆಗ್ಲಿಲ್ಲ. ಹೋಯ್ತೋ ಇಲ್ವೋ ಗೊತ್ತಾಗ್ಲಿಲ್ಲ. ನಾಕು ದಿನಾನೂ ಅದೇ ಯೋಚ್ನೆ. ಸುದ್ದಿ ಮುಟ್ಟದೆ ನೀವೆಲ್ಲಿ ಅಡುಗೆ ಮಾಡ್ಕೊಂಡು ದಾರಿ ನೋಡ್ತಿರ್ತೀರೋ ಅಂತ..."

"ಕೇಳಿಸ್ತು ಕಣಪ್ಪ," ಎಂದೆ. "ಹತ್ತಾಯ್ತು."

ಅವನು ಅಲ್ಲೇ ನೆಲದ ಮೇಲೆ ಕೂತ. ಗುರುಪಾದಯ್ಯನವರು ನೀರು ಕೊಟ್ಟರು, ಕುಡಿಯಲಿಲ್ಲ. ನಡೆದದ್ದನ್ನು ನೆಲ ನೋಡುತ್ತ ಹೇಳಿದ. ಒಂಬತ್ತನೆಯ ಈಡು ಒಂದು ಒಂಟಿ ಹಂದಿಗೆ ತಾಗಿತ್ತು, ಬೀಳಲಿಲ್ಲ. ಜೋಳದ ಒಳಗೆ ಹೊಕ್ಕಿತು. ಗಾಯಗೊಂಡದ್ದನ್ನು ಹಾಗೆ ಬಿಟ್ಟು ಬರಬಾರದೆಂದು ಮರೀಗೌಡರು ರಕ್ತದ ಜಾಡು ಹಿಡಿದು ಹೋದರು, ಇವನೂ ಹಿಂದೆ ಹೋದ. ಅದು ಪಕ್ಕದಿಂದ ಬಂತು.

"ತಿರುಗಿ ಕೈ ಚಾಚಿದ್ರು ಅಕ್ಕ. ಬಾಯಲ್ಲಿ ಕೇಳೋಷ್ಟು ಹೊತ್ತಿರ್ಲಿಲ್ಲ, ಬರೀ ಕೈ. ನನ್ ಕೈಲಿ ಪೆಟ್ಗೆ ತೆಗೆದೇ ಇತ್ತು. ಅದ್ರಲ್ಲಿ ಇದ್ದಿದ್ದು ಒಂದೇ. ಹತ್ನೇದು ಇದು, ಪ್ರಾಣಿಗೆ ಕೊಡೋ ಹಂಗಿಲ್ಲ ಅಂತ ಬಂತು ಮನಸ್ಗೆ. ಅಷ್ಟೇ. ಕಣ್ಣು ರೆಪ್ಪೆ ಬಡಿಯೋಷ್ಟು. ಆಮೇಲೆ ಕೊಟ್ಟೆ. ಅಷ್ಟೊತ್ಗೆ ಹಂದಿ ಅವ್ರನ್ನ ಕೆಡವಿತ್ತು, ಹಿಡ್ಕೊಳ್ಳೋಕೆ ಕೈ ಇರ್ಲಿಲ್ಲ." ಪೆಟ್ಟಿಗೆಯನ್ನು ಬೆನ್ನಿಂದ ಇಳಿಸಿಟ್ಟು, "ಸಿಟ್ಟಿಗೆ ತಡೆದೆ ಅಂತ ಊರೋರು ಅಂತಾರೆ. ನೀವೂ ಅಂದ್ಕೋಬಹುದು," ಎಂದ.

ತಾಯಮ್ಮನ ಕೈ ನನ್ನ ಮಣಿಕಟ್ಟಿನ ಮೇಲೆ ಬಿಗಿಯಾಯಿತು. ನಾನು ಏನು ಹೇಳುತ್ತೇನೆ ಎಂಬುದಕ್ಕೆ ಅವಳು ಕಾಯುತ್ತಿದ್ದಳು, ಗುರುಪಾದಯ್ಯನವರೂ ಕಾಯುತ್ತಿದ್ದರು. ನನಗೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ರೆಪ್ಪೆ ಬಡಿಯುವಷ್ಟು ಹೊತ್ತನ್ನು ನಾನು ಆಮೇಲೆ ಎಷ್ಟು ದಿನ ಎಣಿಸಿದ್ದೇನೋ ನನಗೇ ತಿಳಿಯದು. ಆದರೆ ನಾಲ್ಕನೆಯ ಈಡು ಕೇಳಿದ ಸಂಜೆ ಹಿತ್ತಲ ಕಲ್ಲಿನ ಮೇಲೆ ಕೂತಿದ್ದವಳು ನಾನು. ಅವನು ಕಟ್ಟಳೆಗೆ ಹೆದರಿ ಒಂದು ಕ್ಷಣ ತಡೆದಿದ್ದ. ನಾನು ತಡೆದದ್ದು ಸಿಟ್ಟಿಗೆ, ಅದೂ ಎಂಟು ದಿನ.

"ನಾನೂ ಒಂದನ್ನ ತಡೆದಿದ್ದೆ ಕಣಪ್ಪ," ಎಂದೆ. "ನಿನ್ ಹೆಂಡ್ರು ಹೇಳ್ತಾಳೆ. ಏಳು, ಕೋವಿ ತಗೊಂಡು ಮನೆಗೆ ಹೋಗಾನ. ಅವ್ವ ಗೋಡೆ ಹತ್ರ ಕೂತವ್ಳೆ."

ನನ್ನ ಗಂಡನನ್ನು ಅಲ್ಲೇ, ಜೋಳದ ಹೊಲದ ಬದುವಿನಲ್ಲಿ ಮಣ್ಣು ಮಾಡಿದ್ದರು. ಆಚೆ ದೇಶದವರು ತಲೆಯ ಹತ್ತಿರ ಒಂದು ಕಲ್ಲು ನೆಟ್ಟು ಹೆಸರು ಕೇಳಿ ಬರೆಸಿಕೊಂಡರಂತೆ, ಅವರ ಲಿಪಿಯಲ್ಲಿ. ಕೋವಿಯನ್ನು ಸಣ್ಣೀರನೇ ಗೂಟಕ್ಕೆ ಹಾಕಿದ. ಎಟುಕಲಿಲ್ಲ, ಒರಳು ಉರುಳಿಸಿ ಅದರ ಮೇಲೆ ಹತ್ತಿ ಹಾಕಿದ. ಅತ್ತೆ ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಗೋಡೆಯನ್ನು ಮುಟ್ಟುತ್ತಿದ್ದ ಹಾಗೆಯೇ ಮುಟ್ಟಿ ನೋಡಿ, ಬಿಟ್ಟಳು. ಎಮ್ಮೆ ಒಂದು ವಾರದ ಮೇಲೆ ಈಯಿತು. ಗಿಣ್ಣನ್ನು ತಾಯಮ್ಮನ ಮನೆಗೆ ಮೊದಲು ಕೊಟ್ಟೆ.

ಮುಂದಿನ ವರ್ಷ ಕುಯ್ಲು ಮುಗಿದ ಮೇಲೆ ಗುರುಪಾದಯ್ಯನವರು ರಹದಾರಿ ಪುಸ್ತಕ ಹಿಡಿದು ಮನೆಗೇ ಬಂದರು. ಆಚೆಯಿಂದ ಕರೆ ಬಂದಿದೆ, ಈ ಮನೆಯ ಕೋವಿಯನ್ನು ನಿಮ್ಮ ಮೈದುನನೋ ತಮ್ಮನೋ ಹೊರುವುದಾದರೆ ಬರೆದುಕೊಳ್ಳುತ್ತೇನೆ, ತೋಟೆಗೆ ಸಣ್ಣೀರ ಇದ್ದೇ ಇದ್ದಾನಲ್ಲ ಎಂದರು. ತಾಯಮ್ಮ ಆಗ ನಮ್ಮ ಜಗಲಿಯಲ್ಲಿ ನನ್ನ ತಲೆಗೆ ಎಣ್ಣೆ ಹಚ್ಚುತ್ತ ಕೂತಿದ್ದಳು. ಗುರುಪಾದಯ್ಯನವರಿಗೆ ಕಣ್ಣಿಗೆ ಕಾಣುತ್ತಿತ್ತು. ಆದರೂ ಕಟ್ಟಳೆ ಕಟ್ಟಳೆಯೇ, ಕೇಳಿಯೇ ಬರೆಯಬೇಕು.

"ಈ ಮನೆಗೂ ಆ ಮನೆಗೂ ಮಾತುಂಟಾ ತಾಯಿ?" ಎಂದರು.

"ಉಂಟು," ಎಂದೆ.

ಅವರು ಪುಸ್ತಕದಲ್ಲಿ ಒಂದು ಅಡ್ಡಗೀಟು ಹಾಕಿ ಎದ್ದು ಹೋದರು. ಒಳಗೆ ನಮ್ಮತ್ತೆ ಅಂಗೈ ಗೋಡೆಗೆ ಊರಿ ಕೂತಿದ್ದಳು. ನಾನು ಹೋಗಿ, ಹೋದ ವರ್ಷದಿಂದ ಎದುರು ಗೋಡೆಗೇ ಇದ್ದ ಮಡಕೆಗಳನ್ನು ಒಂದೊಂದಾಗಿ ಎತ್ತಿ ತಂದು ಗೂಟದ ಕೆಳಗೆ ಜೋಡಿಸಿದೆ. ಕೊನೆಯ ಮಡಕೆ ಇಡುವಾಗ ಅವಳು ಕೈ ತೆಗೆದು ಜಾಗ ಬಿಟ್ಟಳು.